ಬಾಣದ ಗುರುತಿನ ಕಲ್ಲು

ವರ್ಷದ ಮೊದಲ ಅವರೆಕಾಯಿ ಮನೆಗೆ ಬಂದ ದಿನ ನಮ್ಮಲ್ಲಿ ಯಾರೂ ಅದನ್ನು ತಿನ್ನುವ ಹಾಗಿಲ್ಲ. ಇವತ್ತು ಕೊಳ್ಳೇಗಾಲದ ಸಂತೆಯಿಂದ ಎರಡು ಸೇರು ತಂದಿದ್ದೇನೆ. ಚೆನ್ನಾಗಿ ಮಂಜು ಕುಡಿದ ಕಾಯಿ. ಮುಟ್ಟಿದರೆ ಸೊಗಡು ಬೆರಳಿಗೆ ಅಂಟಿಕೊಳ್ಳುತ್ತದೆ. ಪಾರ್ವತಿ ಮೊರದ ಮುಂದೆ ಕೂತು ಒಂದೊಂದನ್ನೇ ತಿರುಗಿಸಿ ನೋಡಿ ಆರಿಸುತ್ತಿದ್ದಾಳೆ. ನಡುಮನೆಯಿಂದ ಬೀದಿಬಾಗಿಲವರೆಗೂ ಅದೇ ವಾಸನೆ. ನಮ್ಮ ಮಗಳು ಆಗಲೇ ಮೂರು ಸಲ ಬಂದು ನೋಡಿ ಹೋದಳು. ಹದಿಮೂರು ವರ್ಷದ ಹುಡುಗಿ, ಅವರೆಕಾಳು ಸಾರು ಅಂದರೆ ಪ್ರಾಣ.

"ಇವತ್ತೇ ಮಾಡಿದ್ರೆ ಏನಾಗುತ್ತಮ್ಮಾ?" ಅಂದಳು.

"ನಾಳಿದ್ದು ಮಾಡ್ತೀನಿ," ಅಂದಳು ಪಾರ್ವತಿ.

ಪ್ರತಿ ವರ್ಷವೂ ಇದೇ ಪ್ರಶ್ನೆ, ಇದೇ ಉತ್ತರ. ಮಾರನೆಯ ದಿನ ನಾವಿಬ್ಬರೂ ಅವಳನ್ನು ಅಜ್ಜಿಯ ಹತ್ತಿರ ಬಿಟ್ಟು ಹನೂರಿನ ಬಸ್ಸು ಹತ್ತುತ್ತೇವೆ. ಎಲ್ಲಿಗೆ, ಯಾಕೆ ಅಂತ ಅವಳಿಗೆ ಇದುವರೆಗೆ ಹೇಳಿಲ್ಲ. ಈ ವರ್ಷ ಹೇಳಲೇಬೇಕು ಅಂತ ಪಾರ್ವತಿ ನಾಲ್ಕು ದಿನದಿಂದ ನನ್ನ ಬೆನ್ನು ಹತ್ತಿದ್ದಾಳೆ. ಬಾಯಿಬಿಟ್ಟು ಹೇಳಲು ಹೋದೆ, ಸಂತೆಯ ದರದ ಮಾತಾಡಿ ಎದ್ದು ಬಂದೆ. ಆಯುಸ್ಸೆಲ್ಲ ಸರ್ವೆ ಇಲಾಖೆಯಲ್ಲಿ ಕಾಗದ ತುಂಬಿದವನು ನಾನು. ಬರೆಯುವುದೇ ವಾಸಿ ಅಂತ ಕೂತಿದ್ದೇನೆ.

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷದ ಮಾತು. ಈಗಿನಂತೆ ಆಗಲೂ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಹತ್ತು ಮೈಲಿ ಆಚೆಯ ಯಳಂದೂರು ಮೈಸೂರು ಸೀಮೆ. ನಮ್ಮ ಕೆಲಸಕ್ಕೆ ಮೂರು ಭಾಷೆ ಬೇಕಿತ್ತು. ದೊರೆಗಳಿಗೆ ಇಂಗ್ಲಿಷು, ಕೊಯಮತ್ತೂರಿನ ಕಚೇರಿಗೆ ತಮಿಳು, ಹೊಲದಲ್ಲಿ ನಿಂತವನಿಗೆ ಕನ್ನಡ. ಮೂರೂ ಬರುತ್ತದೆ ಅನ್ನುವ ಜಂಬ ನನಗೆ ವಿಪರೀತ ಇತ್ತು.

ಆ ವರ್ಷ ನವರಾತ್ರಿ ಕಳೆದ ಮೇಲೆ ಯಳಂದೂರಿನ ತವರಿನಲ್ಲಿ ಪಾರ್ವತಿಗೆ ಗಂಡು ಮಗು ಹುಟ್ಟಿತು. ಒಂಬತ್ತನೆಯ ದಿನ ಹೋಯಿತು. ತೊಟ್ಟಿಲಿಗೆ ಹಾಕಿರಲಿಲ್ಲ, ಹೆಸರಿಟ್ಟಿರಲಿಲ್ಲ. ನನಗೆ ಕಾಗದ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಾವನವರೇ ಎತ್ತಿಕೊಂಡು ಹೊನ್ನುಹೊಳೆಯ ಕಡೆ ಹೋಗಿ ಬಂದಿದ್ದರು. ಯಾವ ಜಾಗ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಪಾರ್ವತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಾನು ಮೂರು ದಿನ ಇದ್ದು, ಅವಳ ಬೆನ್ನನ್ನು ನೋಡಿ ಬಂದೆ. ಹನೂರಿನ ಕಡೆ ಕೆಲಸ ಅಂತ ಆರ್ಡರ್ ಬಂದಾಗ, ನಾಚಿಕೆಬಿಟ್ಟು ಹೇಳುತ್ತೇನೆ, ನನಗೆ ಸಮಾಧಾನವೇ ಆಯಿತು. ಸರಪಳಿ ಹಿಡಿದು ಹೊಲ ಅಳೆಯುವವನನ್ನು ಯಾರೂ ಏನೂ ಕೇಳುವುದಿಲ್ಲ.

ಹನೂರಿನಿಂದ ಎರಡು ಮೈಲಿ ನಡೆದರೆ ತೊರೆಹಟ್ಟಿ. ಮೂವತ್ತು ಮನೆ, ಆಚೆಗೆ ತೊರೆ, ಅದರಾಚೆ ಕಾಡು ಶುರು. ಇಲಾಖೆ ಕೊಟ್ಟಿದ್ದ ಡೇರೆಯಲ್ಲಿ ಬಟ್ಟೆಗಿಂತ ತೂತೇ ಜಾಸ್ತಿ ಇದ್ದುದರಿಂದ ಗುರುಮಲ್ಲಪ್ಪ ಅನ್ನುವ ರೈತರ ಮನೆಯ ಜಗಲಿಕೋಣೆಯಲ್ಲಿ ಇಳಿದುಕೊಂಡೆ. ಗುರುಮಲ್ಲಪ್ಪನವರಿಗೆ ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಸೇರಿಸಿ ಅವರ ಹೆಂಡತಿ ಪುಟ್ಟಮಾದಮ್ಮ ಆಡುತ್ತಿದ್ದರು. ನಲವತ್ತು ದಾಟಿದ ಹೆಂಗಸು, ಗಟ್ಟಿ ಆಳು. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಸಾ, ಊರಿನ್ ವಲಾನೆಲ್ಲ ಅಳ್ದು ಅಳ್ದು ನೀವೇ ಸರಪಣಿ ಆಗೋಗಿದ್ದೀರಲ್ಲ. ಕುಂತ್ಕಳಿ, ಮುದ್ದೆ ಇಕ್ತೀನಿ," ಅಂದರು. ಅವರ ಮುದ್ದೆ ಎರಡು ಕೈಗೂ ಹಿಡಿಸುತ್ತಿರಲಿಲ್ಲ. ಬೇಡ ಅಂದರೆ ಇನ್ನೊಂದು ಬೀಳುತ್ತಿತ್ತು.

ನನ್ನ ಜೊತೆ ಇದ್ದ ಕಲಾಸಿಯ ಹೆಸರು ಸಿದ್ದ. ಸರಪಳಿ ಎಳೆಯುವುದು, ಕಲ್ಲು ನೆಡುವುದು, ನನ್ನ ಸಿಟ್ಟನ್ನು ಸಹಿಸುವುದು ಅವನ ಕೆಲಸ. ನನಗಿಂತ ಹತ್ತು ವರ್ಷ ದೊಡ್ಡವನು, ನನಗಿಂತ ಚೆನ್ನಾಗಿ ಸರ್ವೆ ಬಲ್ಲವನು. ಅದು ಅವನಿಗೂ ಗೊತ್ತಿತ್ತು.

ಬೆಳಿಗ್ಗೆ ಇಬ್ಬನಿಯಲ್ಲಿ ಹೊರಟರೆ ಬಿಸಿಲು ನೆತ್ತಿಗೆ ಬರುವವರೆಗೆ ಅಳತೆ. ಹುಚ್ಚೆಳ್ಳು ಹಳದಿ ಹೂ ಬಿಟ್ಟು ನಿಂತಿದ್ದ ಕಾಲ. ರಾಗಿಸಾಲಿನ ನಡುನಡುವೆ ಅವರೆ ಬಳ್ಳಿ ಹೂ ಕಚ್ಚುತ್ತಿತ್ತು. ಸಂಜೆ ಹೊಲದ ಹೆಸರುಗಳನ್ನು ಬರೆದುಕೊಳ್ಳುವುದು. ಈ ಕೆಲಸ ನನಗೆ ಬಲು ಇಷ್ಟ. ಅತ್ತೆ ಕೊಟ್ಟ ಹೊಲ, ಎಮ್ಮೆ ಸಿಕ್ಕಿದ ಪಟ್ಟಿ, ನಾಯಿ ಕೂಗದ ಮೂಲೆ, ಜಗಳಗಂಟಿ. ಜಗಳಗಂಟಿಗೆ ಆ ಹೆಸರು ಯಾಕೆ ಬಂತು ಅಂತ ಕೇಳಿದ್ದಕ್ಕೆ ಅಣ್ಣತಮ್ಮಂದಿರಿಬ್ಬರು ನನ್ನ ಎದುರಿಗೇ ಕೈ ಕೈ ಮಿಲಾಯಿಸಿ ಕಾರಣ ತೋರಿಸಿಕೊಟ್ಟರು.

ಹೆಸರು ಸಿಗದೆ ಉಳಿದದ್ದು ಒಂದೇ ಜಾಗ. ಗುರುಮಲ್ಲಪ್ಪನವರ ಹೊಲದ ನಡುವೆ ಸ್ವಲ್ಪ ಎತ್ತರದ ದಿಣ್ಣೆ, ಅದರ ಮೇಲೆ ದುಂಡಗೆ ಬಳಸಾಗಿ ನಿಲ್ಲಿಸಿದ ಹದಿನೇಳು ಕಲ್ಲು. ಕೆಲವು ಮೊಣಕಾಲೆತ್ತರ, ಕೆಲವು ಸೊಂಟದವರೆಗೆ. ಒಳಗೆ ಒಂದು ಕಾರೆಮುಳ್ಳಿನ ಗಿಡ, ಉಳಿದಂತೆ ಹುಲ್ಲು. ನೇಗಿಲು ಅಲ್ಲಿಗೆ ಬಂದ ಕೂಡಲೇ, ಗುರುಮಲ್ಲಪ್ಪನವರು ಹಗ್ಗ ಎಳೆಯುವ ಮುಂಚೆಯೇ ಎತ್ತುಗಳು ತಾವಾಗಿ ತಿರುಗಿಕೊಳ್ಳುತ್ತಿದ್ದವು. ಹನೂರಿನ ಶಾಲೆಯ ಮೇಷ್ಟರು ಅದು ಪಾಂಡವರು ವನವಾಸದಲ್ಲಿ ಮಾಡಿದ್ದು ಅಂದರು. ಪಾಂಡವರು ಹೋದಲ್ಲೆಲ್ಲ ಕಲ್ಲು ಹೊತ್ತಿದ್ದರೆ ಅವರಿಗೆ ಯುದ್ಧಕ್ಕೆ ಪುರಸೊತ್ತು ಎಲ್ಲಿತ್ತೋ.

ಸಿದ್ದನ ಕತೆ ಬೇರೆ. "ಇಂದೆ ಮೂರು ಗೇಣುದ್ದ ಕುಳ್ರು ಇದ್ರಂತೆ ಸಾ. ಬೆಂಕಿ ಮಳೆ ಬತ್ತದೆ ಅಂತ ಯಾರೋ ಎದ್ರುಸುದ್ರಂತೆ. ಕಲ್ಲಿನ್ ಮನೆ ಕಟ್ಕಂಡು ಒಳಿಕ್ಕೋದೋರು ಇನ್ನೂ ಈಚ್ಗೆ ಬಂದಿಲ್ಲ."

"ಮಳೆ ನಿಂತಿತು ಅಂತ ಯಾರೂ ಹೇಳಲಿಲ್ಲವೇನೋ," ಅಂದೆ.

"ನೀವು ನಗಾಡಿ ಸಾ. ಈ ಊರ್ನೋರು ನಗಾಡಲ್ಲ."

ಪುಟ್ಟಮಾದಮ್ಮನವರನ್ನು ಕೇಳಿದೆ. "ಆ ಕಲ್ಲಿನ ಜಾಗಕ್ಕೆ ಏನಂತೀರಮ್ಮ? ನನ್ನ ಪುಸ್ತಕದಲ್ಲಿ ಬರೆಯಬೇಕು."

"ಕಲ್ಲಿಗೆ ಕಲ್ಲು ಅಂತೀವಿ ಸಾ," ಅಂದು ಒಳಗೆ ಹೋದರು. ಮಾತಿನಲ್ಲಿ ಯಾರಿಗೂ ಸೋಲದ ಹೆಂಗಸು ಹಾಗೆ ತಪ್ಪಿಸಿಕೊಂಡದ್ದು ನನಗೆ ಸೋಜಿಗ. ಗುರುಮಲ್ಲಪ್ಪನವರು ಬಹಳ ಹೊತ್ತಾದ ಮೇಲೆ, "ಅದು ಅವ್ರ ಜಾಗ ಕಣ್ಸಾ. ಎಸ್ರಿಡ್ದು ಕರ್ಯದಿಲ್ಲ. ಕರುದ್ರೆ ಎದ್ದು ಬಂದ್ಬುಟ್ಟಾರು," ಅಂದರು. ಅವರ ಒಂದು ವಾರದ ಮಾತು ಅಲ್ಲಿಗೆ ಖರ್ಚಾಯಿತು. ನಾನು ಹೆಸರಿನ ಕಾಲಂ ಖಾಲಿ ಬಿಟ್ಟೆ.

ಕಾರ್ತಿಕದ ಕೊನೆಗೆ ಮಳೆ ಹಿಡಿಯಿತು. ನಾಲ್ಕು ದಿನ ಬಿಡದೆ ಸುರಿದು ತೊರೆ ಕೆಂಪಗೆ ತುಂಬಿ ಹರಿಯಿತು. ಕಾಡಿನ ಕಡೆಯ ಕಲ್ಲುಗಣಿಯಿಂದ ನಮಗೆ ಬರಬೇಕಾಗಿದ್ದ ಸರ್ವೆ ಕಲ್ಲುಗಳ ಗಾಡಿ ಆಚೆ ದಡದಲ್ಲಿ ಸಿಕ್ಕಿಹಾಕಿಕೊಂಡಿತು. ಅದೇ ಹೊತ್ತಿಗೆ ಸರಿಯಾಗಿ ಓನೀಲ್ ದೊರೆ ತಪಾಸಣೆಗೆ ಬರುತ್ತಾರೆ ಅನ್ನುವ ಕಾಗದ ಬಂತು. ಓನೀಲ್ ದೊರೆ ಐರ್ಲೆಂಡಿನವರು. ಒಂದು ಗೇಣು ತಪ್ಪಿದರೂ ಇಡೀ ಗ್ರಾಮವನ್ನು ಮತ್ತೆ ಅಳೆಸುತ್ತಾರೆ ಅನ್ನುವ ಖ್ಯಾತಿ. ನನ್ನ ಕೆಲಸವೆಲ್ಲ ಮುಗಿದಿತ್ತು, ಮೂಡಲಲ್ಲಿ ಮೂರು ಹೊಲ ಕೂಡುವ ಒಂದು ಮೂಲೆ ಬಿಟ್ಟು. ಅಲ್ಲಿ ನೆಡಲು ಕಲ್ಲಿರಲಿಲ್ಲ.

"ಎಲ್ಲಾದರೂ ಒಂದು ಕಲ್ಲು ತಂದು ನೆಡೋ," ಅಂದೆ ಸಿದ್ದನಿಗೆ.

"ಎಲ್ಲಿಂದ ತರ್ಲಿ ಸಾ? ಕೋಳಿ ಮೊಟ್ಟೆ ಇಟ್ಟಂಗೆ ಇಟ್ಬುಡ್ಲಾ?"

"ಇಡು! ಸಾಯಂಕಾಲದೊಳಗೆ ಅಲ್ಲಿ ಕಲ್ಲಿರಬೇಕು, ಅಷ್ಟೆ. ನನ್ನ ತಲೆ ತಿನ್ನಬೇಡ."

ಸಾಯಂಕಾಲ ಕಲ್ಲಿತ್ತು. ಚಿಕ್ಕ ಕಲ್ಲು, ಇಬ್ಬರು ಹೊರುವಂಥದ್ದು. ಬುಡಕ್ಕೆ ಹಸಿ ಕೆಮ್ಮಣ್ಣು ಮೆತ್ತಿತ್ತು, ಒಂದು ಮಗ್ಗುಲಿಗೆ ಪಾಚಿ. ಅದು ಎಲ್ಲಿಂದ ಬಂತೆಂದು ಸಿದ್ದ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಕೇಳದಿದ್ದದ್ದು ಯಾಕೆಂದರೆ ನನಗೆ ಗೊತ್ತಿತ್ತು. ನಾನೇ ಉಳಿ ಹಿಡಿದು ಅದರ ನೆತ್ತಿಗೆ ಸರ್ಕಾರದ ಬಾಣದ ಗುರುತು ಕೊರೆದೆ. ಸಿದ್ದ ಒಂದು ಗೇಣು ಮಾತ್ರ ಮೇಲೆ ಕಾಣುವಂತೆ ನೆಟ್ಟ. ಅಳತೆ ಬರೆದು, ಪುಸ್ತಕ ಮುಚ್ಚಿ, ನಕಲನ್ನು ಹನೂರಿನ ಕ್ಯಾಂಪಿಗೆ ಕಳಿಸಿದೆ. ನೆಟ್ಟ ಸರ್ವೆ ಕಲ್ಲನ್ನು ಕಿತ್ತರೆ ಅಪರಾಧ, ಕಿತ್ತವನು ಯಾರೇ ಆಗಿರಲಿ.

ಮಳೆ ಬಿಟ್ಟು ಬಿಸಿಲು ಬಂದದ್ದೇ ತಡ ಅವರೆಕಾಯಿ ಬಂತು. ಊರಿಗೆ ಊರೇ ಸೊಗಡು ನಾತ. ಪುಟ್ಟಮಾದಮ್ಮನವರು ಮುಂಜಾನೆ ಮೊದಲ ಕಾಯಿ ಕೊಯ್ದು, ಸೆರಗಿನಲ್ಲಿ ಒಂದು ಹಿಡಿ ಕಟ್ಟಿಕೊಂಡು ದಿಣ್ಣೆಯ ಕಡೆ ಹೋದರು. ಸ್ವಲ್ಪ ಹೊತ್ತಿಗೆ ವಾಪಸು ಬಂದು ಸೆರಗಿನ ಕಾಯಿಯನ್ನು ಪುಟ್ಟಿಗೆ ಸುರಿದು ಒಲೆಯ ಮುಂದೆ ಕೂತರು. ಆ ದಿನ ನನಗೆ ಹುರುಳಿ ಸಾರು. ಮಾರನೆಯ ದಿನವೂ ಹುರುಳಿ. ಪಕ್ಕದ ಮನೆಗಳಿಂದೆಲ್ಲ ಅವರೆ ಬೇಯುವ ವಾಸನೆ, ಈ ಮನೆಯಲ್ಲಿ ಪುಟ್ಟಿ ತುಂಬ ಕಾಯಿ ಬಾಡುತ್ತಾ ಕೂತಿದೆ. ಮುದ್ದೆ ಇಕ್ಕುವಾಗ ತಮಾಷೆಯಿಲ್ಲ, ಬೇಡ ಅಂದರೆ ಇನ್ನೊಂದು ಬೀಳುವುದಿಲ್ಲ. ಮೂರನೆಯ ದಿನ ಗುರುಮಲ್ಲಪ್ಪನವರನ್ನು ಕೇಳಿದೆ.

"ಅವ್ಳ ಕಲ್ಲು ಇಲ್ವಂತೆ," ಅಂದರು.

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅಂಗಳದಲ್ಲಿ ರಾಗಿ ಕೇರುತ್ತಿದ್ದ ಪುಟ್ಟಮಾದಮ್ಮನವರ ಮುಂದೆ ಹೋಗಿ ನಿಂತೆ. "ಅಮ್ಮಾ, ಆ ಕಲ್ಲು ತೆಗೆಸಿದ್ದು ನಾನು."

ಅವರು ಮೊರ ಕೆಳಗಿಟ್ಟರು. "ನೀವಾ?"

"ಸರ್ವೆಗೆ ಕಲ್ಲಿರಲಿಲ್ಲ. ಮೂಡಲ ಮೂಲೆಯಲ್ಲಿ ನೆಡಿಸಿದೆ."

"ಅದ್ಯಾವ್ ಕಲ್ಲು ಅಂತ ಗೊತ್ತಾ ನಿಮ್ಗೆ?"

ಅವರೇ ಹೇಳಿದರು. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು, ಕೂಗಾಡಲಿಲ್ಲ. ತೊಟ್ಟಿಲಿಗೆ ಹಾಕುವ ಮುಂಚೆ ಹೋದ ಮಕ್ಕಳನ್ನು ಆ ಊರಿನವರು ಬೇರೆಲ್ಲೂ ಮಣ್ಣು ಮಾಡುವುದಿಲ್ಲ. ಬೆಳಗಿನ ಜಾವ ಅಜ್ಜಿಯಾದವಳು ಮೊರದಲ್ಲಿ ಮಲಗಿಸಿಕೊಂಡು ಹೋಗಿ ಆ ಬಳಸಿನ ಒಳಗೆ ಒಂದು ಕಲ್ಲಿನ ಬುಡದಲ್ಲಿ ಇಟ್ಟು ಬರುತ್ತಾಳೆ. ಒಳಗಿರುವ ಮೂರು ಗೇಣಿನವರಿಗೆ ಆ ಮಕ್ಕಳು ಅಳತೆಗೆ ಸರಿಯಾಗಿರುತ್ತವಂತೆ, ಸಾಕಿಕೊಳ್ಳುತ್ತಾರಂತೆ. ಆವತ್ತಿನಿಂದ ಆ ಕಲ್ಲು ಆ ತಾಯಿಯದು. ವರ್ಷದ ಮೊದಲ ಅವರೆ ಅಲ್ಲಿಟ್ಟು, ಮಗುವನ್ನು ಮಾತಾಡಿಸಿ ಬಂದ ಮೇಲೆಯೇ ಮನೆಯಲ್ಲಿ ತಿನ್ನುವುದು. ಅಲ್ಲಿ ಅಳುವ ಹಾಗಿಲ್ಲ. ಅತ್ತರೆ ಮಗು ಹಟ ಮಾಡುತ್ತದೆ. ಗದರಬೇಕು, ತಮಾಷೆ ಮಾಡಬೇಕು.

"ನಮ್ಮತ್ತೆ ಹುಡ್ಕಿ ಹುಡ್ಕಿ ಚಿಕ್ಕ್ ಕಲ್ಲೇ ನೋಡಿದ್ರು ಸಾ. ಈಗಿದ್ದಿದ್ರೆ ಇಪ್ಪತ್ತೊರ್ಸ. ಓದೊರ್ಸ, 'ನಿಂಗೂ ಎಣ್ಣು ನೋಡ್ಬೇಕಲ್ಲ ಕಳ್ಳ' ಅಂದ್ಬಂದಿದ್ದೆ. ಈಗ ವೋಗಿ ನೋಡುದ್ರೆ ಅಂಗೇ ಬಾಯ್ಬುಟ್ಕಂಡದೆ ಜಾಗ. ಬಾಗ್ಲು ತೆಗ್ದಂಗೆ. ಕಲ್ಲೇ ಇಲ್ದೆ ಅದುಕ್ಕೆ ಎಂಗೆ ಗೊತ್ತಾಯ್ತದೆ ತಾನೆಲ್ಲಿರ್ಬೇಕು ಅಂತ? ಈಚ್ಗೆ ಬಂದು ಎಲ್ಲೋಯ್ತೋ ಏನೋ."

ಸಿದ್ದ ಹಿಂದೆ ನಿಂತಿದ್ದ. "ಈಗ್ಲೇ ಕಿತ್ತು ತಂದು ಇಟ್ಬುಡ್ತೀನಿ ಸಾ," ಅಂದ.

ಬೇಡ ಅಂದವನು ನಾನು. ತಪಾಸಣೆಗೆ ಮೂರು ದಿನ ಇದೆ, ನಕಲು ಕ್ಯಾಂಪಿಗೆ ಹೋಗಿದೆ, ಕೆಲಸ ಹೋದರೆ ಗತಿಯೇನು ಅಂತ ಏನೇನೋ ಬಡಬಡಿಸಿದೆ. ಪುಟ್ಟಮಾದಮ್ಮನವರು, "ನಿಮ್ ಕೆಲ್ಸುಕ್ಕೆ ಕುತ್ತು ಬರದಾದ್ರೆ ಬ್ಯಾಡ ಬುಡಿ. ಎಲ್ಲದೆ ಯೇಳಿ, ಒಂದ್ಸಲ ನೋಡ್ಕ ಬತ್ತೀನಿ," ಅಂದರು. ನನ್ನ ಜೊತೆ ಮೂಡಲ ಮೂಲೆಗೆ ಬಂದು, ಕಲ್ಲಿನ ಪಕ್ಕ ಬಿಸಿಲಿನಲ್ಲೇ ಕೂತು, ಅದರ ಪಾಚಿ ಸವರಿದರು. ಸೆರಗಿನಲ್ಲಿ ಅವರೆ ತಂದಿದ್ದರು. ಇಡಲಿಲ್ಲ. "ಇಲ್ಲಿಟ್ರೆ ಅದುಕ್ಕೆ ಸಿಕ್ಕಾಕಿಲ್ಲ," ಅಂದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು. "ನಿಮ್ದೂ ಒಂದು ವೋಯ್ತಂತಲ್ಲ, ಸಿದ್ದ ಯೇಳ್ದ. ಎಲ್ಲಿ ಮಡಗುದ್ರಿ ಸಾ?"

"ಗೊತ್ತಿಲ್ಲಮ್ಮ."

"ಎತ್ತವ್ವುನ್ಗೆ?"

"ಅವಳಿಗೂ ಯಾರೂ ಹೇಳಿಲ್ಲ."

ಅವರು ಹಣೆ ಚಚ್ಚಿಕೊಳ್ಳಲಿಲ್ಲ, ಅಯ್ಯೋ ಅನ್ನಲಿಲ್ಲ. "ಊರೂರ್ದೂ ಅಳೀತೀರಿ," ಅಂದರು ಅಷ್ಟೆ. ಅವರಿಗೆ ಚುಚ್ಚುವ ಉದ್ದೇಶವಿರಲಿಲ್ಲ, ಅದಕ್ಕೇ ಆ ಮಾತು ಒಳಗೆ ಹೋಯಿತು. ನಾನು ಹೊಲದ ಬದುವಿನ ಮೇಲೆ ಕೂತು ಒಂಬತ್ತು ದಿನದ ಮಗನಿಗಾಗಿ ಮೊದಲ ಸಲ ಅತ್ತೆ. ಬಳಸಿನ ಆಚೆಗೆ ಅಳಬಹುದು ಅಂತ ಅವರೇ ಹೇಳಿದರು.

ಓನೀಲ್ ದೊರೆ ಬಂದದ್ದು ಕುದುರೆಯ ಮೇಲೆ. ಉದ್ದ ಕಾಲಿನ, ಕೆಂಪು ಮುಖದ, ಮಾತು ಕಡಿಮೆಯ ಮನುಷ್ಯ. ಬೆಳಿಗ್ಗೆಯಿಂದ ಐದಾರು ಹೊಲಗಳ ಅಳತೆಯನ್ನು ಎಳೆಸಿ ನೋಡಿದರು. ಎಲ್ಲೂ ತಪ್ಪಿಲ್ಲ. ಮೂಡಲ ಮೂಲೆಗೆ ಬಂದರು. ಅಳತೆ ಸರಿಯಾಗಿತ್ತು. ಆದರೆ ಅವರು ಸರಪಳಿ ಬಿಟ್ಟು ಕಲ್ಲನ್ನೇ ನೋಡುತ್ತ ನಿಂತರು. ಬೂಟಿನ ತುದಿಯಿಂದ ಬುಡದ ಮಣ್ಣು ಕೆದಕಿದರು, ಬಗ್ಗಿ ಪಾಚಿ ಮುಟ್ಟಿದರು. ಆಮೇಲೆ ತಲೆಯೆತ್ತಿ ಅರ್ಧ ಮೈಲಿ ದೂರದ ದಿಣ್ಣೆಯನ್ನು ನೋಡಿದವರು ಆ ಕಡೆಗೇ ನಡೆದರು. ನಾನು, ಸಿದ್ದ ಹಿಂದೆ ಹಿಂದೆ. ಗುರುಮಲ್ಲಪ್ಪನವರೂ ಪುಟ್ಟಮಾದಮ್ಮನವರೂ ಹೊಲದಲ್ಲಿದ್ದವರು ಎದ್ದು ನಿಂತರು.

ದೊರೆ ಬಳಸಿನ ಹತ್ತಿರ ಹ್ಯಾಟು ತೆಗೆದರು. ಒಳಗೆ ಕಾಲಿಡದೆ ಹೊರಗಿನಿಂದಲೇ ಒಂದು ಸುತ್ತು ಬಂದರು. ಸಿದ್ದ ಗಾಬರಿಯಲ್ಲಿ ಮೈಮರೆತು, ಹತ್ತಿರದ ದಾರಿ ಅಂತ ಸರಪಳಿ ಹೊತ್ತು ಒಳಗಿನಿಂದಲೇ ಬರಲು ಹೋದ. "ನಿಲ್ಲು!" ಅಂತ ಗದರಿದರು. ಅವರು ದನಿ ಎತ್ತಿದ್ದು ಅದೊಂದೇ ಸಲ. ಆರು ಇಂಚು ಅಗಲದ ಖಾಲಿ ಗುಳಿಯ ಮುಂದೆ ನಿಂತು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು: "ಇದರೊಳಗೆ ಮಕ್ಕಳಿದ್ದಾರೆಯೇ ಎಂದು ಆ ತಾಯಿಯನ್ನು ಕೇಳು."

ನಾನು ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ನನ್ನ ಮೂರು ಭಾಷೆಯೂ ಆ ಹೊತ್ತಿಗೆ ಕೈಕೊಟ್ಟವು. ಹೇಗೋ ಕೇಳಿದೆ.

"ಊಂ, ಒಳ್ಗವ್ರೆ," ಅಂದರು ಪುಟ್ಟಮಾದಮ್ಮ.

ದೊರೆ ಕಾರೆಗಿಡವನ್ನು ನೋಡುತ್ತ ನಿಧಾನವಾಗಿ ಮಾತಾಡಿದರು. ಅವರ ನಾಡಿನಲ್ಲೂ ಇಂಥ ಬಳಸುಗಳಿವೆಯಂತೆ, ಕೆಲವು ಕಲ್ಲಿನವು, ಹೆಚ್ಚಿನವು ಸುತ್ತ ಮಣ್ಣಿನ ದಿಂಡು ಎಬ್ಬಿಸಿದವು, ಜನ ಕೋಟೆ ಅನ್ನುತ್ತಾರಂತೆ. ಅದರೊಳಗೆ ಕಣ್ಣಿಗೆ ಕಾಣದ ಜನ ಇರುತ್ತಾರೆ ಅಂತ ರೈತರು ಉಳುವುದಿಲ್ಲ, ಒಳಗಿನ ಮುಳ್ಳುಗಿಡ ಕಡಿಯುವುದಿಲ್ಲ, ಅವರ ಹೆಸರನ್ನೂ ನೇರವಾಗಿ ಹೇಳುವುದಿಲ್ಲ. ಎಷ್ಟೋ ಊರಿನ ಹೆಸರು ಶುರುವಾಗುವುದೇ ಆ ಕೋಟೆಯನ್ನು ಹೇಳುವ ಮಾತಿನಿಂದ. ಕೆಲವು ಕಡೆ ಕೋಟೆಯನ್ನು ಸಮ ಮಾಡಿ ಹುಲ್ಲು ಬೆಳೆದಿದ್ದಾರೆ, ಹೆಸರು ಮಾತ್ರ ಉಳಿದಿದೆ. "ಜ್ಞಾನಸ್ನಾನ ಮಾಡಿಸಿ ಹೆಸರಿಡುವ ಮುಂಚೆ ಹೋದ ಮಕ್ಕಳಿಗೆ ಚರ್ಚಿನ ಅಂಗಳದಲ್ಲಿ ಜಾಗ ಕೊಡುತ್ತಿರಲಿಲ್ಲ," ಅಂದರು. "ಮಗುವಿನ ತಂದೆಯೇ ಆ ಕೋಟೆಯೊಳಗೆ ಇಟ್ಟು ಬರುತ್ತಿದ್ದ. ನಮ್ಮ ತಾಯಿ ಆ ದಾರಿಯಲ್ಲಿ ಹೋಗುವಾಗ ಮಾತು ನಿಲ್ಲಿಸುತ್ತಿದ್ದಳು. ನನಗೆ ಬಹಳ ವರ್ಷ ಕಾರಣ ಗೊತ್ತಿರಲಿಲ್ಲ."

ಇದನ್ನೆಲ್ಲ ನಾನು ಕನ್ನಡದಲ್ಲಿ ಹೇಳಿದೆ. ಪುಟ್ಟಮಾದಮ್ಮ ಗಮನವಿಟ್ಟು ಕೇಳಿ, "ಪಾಪ, ಅವ್ರವ್ವುನ್ಗೂ ಒಂದು ಕಲ್ಲಿತ್ತೇನೋ ಕೇಳಿ," ಅಂದರು. ಅದನ್ನು ಇಂಗ್ಲಿಷಿಗೆ ತಿರುಗಿಸುವ ಧೈರ್ಯ ನನಗಾಗಲಿಲ್ಲ.

ದೊರೆ ನನ್ನ ಕಡೆ ತಿರುಗಿದರು. "ಕಲ್ಲು ಇಲ್ಲಿಂದ ತೆಗೆಸಿದ್ದು ಯಾರು?"

ಸಿದ್ದ ಬಾಯಿ ತೆರೆಯುವಷ್ಟರಲ್ಲಿ, "ನಾನು ಸರ್," ಅಂದೆ. ಆ ವರ್ಷ ನಾನು ಮಾಡಿದ ಒಂದೇ ಒಂದು ಗಂಡಸಿನ ಕೆಲಸ ಅದು.

ಅವರು ನಿಂತಲ್ಲೇ ತಪಾಸಣೆ ಪುಸ್ತಕ ತೆಗೆದು ಬರೆದರು. ಮೂಡಲ ಮೂಲೆಯ ಕಲ್ಲು ಇಲಾಖೆ ಒಪ್ಪಿದ ಮಾದರಿಯದಲ್ಲ. ಏಳು ದಿನದೊಳಗೆ ಅದನ್ನು ತೆಗೆದು, ತಂದ ಜಾಗದಲ್ಲೇ ಇಟ್ಟು, ಮಾದರಿ ಕಲ್ಲು ನೆಡಬೇಕು. ಸರ್ವೇಯರಿಗೆ ಎಚ್ಚರಿಕೆ ಕೊಡಲಾಗಿದೆ. ಕೊನೆಗೆ ನನ್ನ ಪುಸ್ತಕದಲ್ಲಿ ಹೆಸರಿನ ಕಾಲಂ ಯಾಕೆ ಖಾಲಿ ಅಂತ ಕೇಳಿದರು. ಹೇಳಿದೆ. ಪುಸ್ತಕ ಇಸಿದುಕೊಂಡು ಆ ಜಾಗದಲ್ಲಿ ತಾವೇ ಒಂದು ಗೆರೆ ಎಳೆದು ಸಣ್ಣ ಸಹಿ ಹಾಕಿದರು, ಮುಂದೆ ಯಾರೂ ತುಂಬದಂತೆ. ಆ ಎಚ್ಚರಿಕೆಯ ಸಾಲು ನನ್ನ ಸರ್ವಿಸ್ ಪುಸ್ತಕದಲ್ಲಿ ಇವತ್ತಿಗೂ ಇದೆ. ಅದರ ದೆಸೆಯಿಂದ ಬಡ್ತಿ ತಡವಾಯಿತು. ನನ್ನ ಹೆಸರಿನಲ್ಲಿರುವ ಸರ್ಕಾರಿ ಕಾಗದಗಳಲ್ಲೆಲ್ಲ ನನಗೆ ಅದರ ಮೇಲೇ ಪ್ರೀತಿ.

ತೊರೆ ಇಳಿದು ಗಾಡಿ ಬಂತು. ಸಿದ್ದ, ನಾನು ಸೇರಿ ಚಿಕ್ಕ ಕಲ್ಲನ್ನು ಹೊತ್ತು ತಂದೆವು. ಯಾವ ಮಗ್ಗುಲು ಒಳಗೆ, ಯಾವುದು ಹೊರಗೆ ಅಂತ ಪುಟ್ಟಮಾದಮ್ಮನವರೇ ತೋರಿಸಿದರು. ಮಣ್ಣು ತುಂಬಿ ಅದುಮಿದ ಮೇಲೆ ಸಿದ್ದ ಉಳಿ ತೆಗೆದ. "ಈ ಬಾಣದ್ ಗುರ್ತ ಕೆತ್ತಾಕ್ಬುಡ್ತೀನಿ ಕಣವ್ವಾ."

"ಇರ್ಲಿ ಬುಡ್ಲಾ. ಸರ್ಕಾರ್ದ್ ಗುರ್ತಿದ್ರೆ ಇನ್ಯಾವನೂ ಕೀಳಾಕಿಲ್ಲ," ಅಂದರು ಪುಟ್ಟಮಾದಮ್ಮ. ಸೆರಗು ಬಿಚ್ಚಿ ಹೊಸದಾಗಿ ಕೊಯ್ದ ಅವರೆಕಾಯಿಯನ್ನು ಕಲ್ಲಿನ ಬುಡದಲ್ಲಿ ಇಟ್ಟು, ಸೊಂಟದ ಮೇಲೆ ಕೈಯಿಟ್ಟು ಗದರಿದರು. "ಎಲ್ಲೋಗಿದ್ಯೋ ಕಳ್ಳ ಇಷ್ಟ್ ದಿನ? ವಲ ಕಾಯಕ್ಕೋಗಿದ್ಯಾ? ತಿನ್ನು, ತಿನ್ಕಂಡು ಬಿದ್ಕೊ." ಆಮೇಲೆ ನನ್ನ ಕಡೆ ತಿರುಗಿ, ಕಣ್ಣು ಒರೆಸದೆ ನಕ್ಕರು. "ನನ್ ಮಗ ಒಂದ್ ವಾರ ಸರ್ಕಾರಿ ಕೆಲ್ಸ ಮಾಡ್ಬಂದ ಕಣ್ಸಾ. ಸಂಬ್ಳ ಕೊಡ್ಸಿ."

ಆವತ್ತು ಆ ಮನೆಯಲ್ಲಿ ಉಂಡ ಅವರೆಕಾಳು ಸಾರಿನ ರುಚಿ ಮತ್ತೆ ಎಲ್ಲೂ ಸಿಕ್ಕಿಲ್ಲ. ಈ ಮಾತು ಪಾರ್ವತಿಗೂ ಗೊತ್ತು, ಅವಳೂ ಒಪ್ಪುತ್ತಾಳೆ.

ಮಾರನೆಯ ದಿನ ರಜೆ ಹಾಕಿ ಯಳಂದೂರಿಗೆ ಹೋದೆ. ಮಾವನವರನ್ನು ಜಾಗ ಕೇಳಿದೆ. ಅವರು ಹೊಳೆಯವರೆಗೆ ಕರೆದುಕೊಂಡು ಹೋದರು. ಅದೇ ಮಳೆಗೆ ದಡ ಕುಸಿದು ಹೋಗಿತ್ತು. ಹೊಂಗೆ ಮರದ ಹತ್ತಿರ ಅಂದರು, ಹೊಂಗೆ ಮರವೇ ಇರಲಿಲ್ಲ. ಆ ಹಿರಿಯರು ನೀರು ನೋಡುತ್ತಾ, "ನಾನು ಒಂದು ಕಲ್ಲಾದರೂ ಇಟ್ಟಿರಬೇಕಿತ್ತು," ಅಂದರು. ಅವರ ಕೈ ಹಿಡಿದುಕೊಂಡು ಮನೆಗೆ ಬಂದೆ. ಗೋಡೆಗೆ ಮುಖ ಮಾಡಿ ಮಲಗಿದ್ದ ಪಾರ್ವತಿಯ ಪಕ್ಕ ಕೂತು, ಪುಟ್ಟಮಾದಮ್ಮ ಕಳಿಸಿದ್ದ ಅವರೆಕಾಯಿ ಗಂಟು ಬಿಚ್ಚಿ, ಕಲ್ಲಿನ ಕತೆಯನ್ನು ಮೊದಲಿಂದ ಹೇಳಿದೆ. ಸರ್ಕಾರಿ ಕೆಲಸದ ಮಾತು ಬಂದಾಗ ಅವಳು ಈ ಕಡೆ ತಿರುಗಿದಳು.

"ನನ್ನ ಅಲ್ಲಿಗೆ ಕರ್ಕೊಂಡು ಹೋಗಿ," ಅಂದಳು.

ಉಳಿದ ಚಳಿಗಾಲವೆಲ್ಲ ಅವಳು ತೊರೆಹಟ್ಟಿಯಲ್ಲಿ ನನ್ನ ಜೊತೆಗಿದ್ದಳು. ಪುಟ್ಟಮಾದಮ್ಮ ಅವಳನ್ನು ಬಳಸಿಗೆ ಕರೆದುಕೊಂಡು ಹೋಗಿ ಪಡುವಲ ಕಡೆಯ ಒಂದು ಕಲ್ಲು ತೋರಿಸಿದರು. "ಇದು ಯಾರ್ದೂ ಅಲ್ಲ ಕಣ್ ಮಗ. ನಿಂದು ಅಂದ್ಕೊ."

"ಅವನಿರೋದು ಯಳಂದೂರಲ್ಲಿ. ಇಲ್ಲಿಗೆ ಹೇಗೆ ಬರ್ತಾನಮ್ಮ?"

"ಎತ್ತವ್ವ ಬಂದು ಕುಂತ್ಕಂಡು ಮಾತಾಡುದ್ರೆ ಬತ್ತದೆ. ಮಕ್ಳಿಗೆ ಎಷ್ಟೊತ್ತು ದಾರಿ?"

ನಾನು ಸರ್ವೇಯರು. ದಾರಿ ಎಷ್ಟು ಅಂತ ನನಗೆ ಗೊತ್ತು. ಇಪ್ಪತ್ತೈದು ಮೈಲಿಗೂ ಮೇಲೆ, ಮಧ್ಯೆ ಎರಡು ಸರ್ಕಾರಗಳ ಎಲ್ಲೆ ಬೇರೆ. ಆದರೂ ಪಾರ್ವತಿ ಆ ಕಲ್ಲಿಗೆ ಬೆನ್ನು ಕೊಟ್ಟು ಕೂತು ಏನೇನೋ ಮಾತಾಡುವುದನ್ನು ದೂರದ ಬದುವಿನಿಂದ ನೋಡುತ್ತಾ, ಬರುತ್ತಾನೆ ಅಂತಲೇ ನಂಬಿದೆ. ಈಗ ಆ ಎಲ್ಲೆಯನ್ನೂ ಅಳಿಸುತ್ತಾರಂತೆ, ಕೊಳ್ಳೇಗಾಲವೂ ಮೈಸೂರಿಗೆ ಸೇರುತ್ತದಂತೆ. ಹೊಸ ನಕ್ಷೆ ಬರೆಯುವವರಿಗೆ ತಲೆನೋವು. ನಮ್ಮವನಿಗೆ ದಾರಿ ಇನ್ನೂ ಸಲೀಸು.

ಪುಟ್ಟಮಾದಮ್ಮ ಹೋಗಿ ಮೂರು ವರ್ಷವಾಯಿತು. ಬಾಣದ ಗುರುತಿನ ಕಲ್ಲಿಗೆ ಈಗ ಪಾರ್ವತಿಯೇ ಅವರೆ ಇಡುತ್ತಾಳೆ, ಅವರ ದನಿಯಲ್ಲೇ ಗದರುತ್ತಾಳೆ. ಹೋದ ವರ್ಷ ನಮ್ಮ ಕಲ್ಲಿಗೆ, "ಮೀಸೆ ಬರೋ ವಯಸ್ಸಾಯ್ತು, ಇನ್ನೂ ಅಮ್ಮನ ಕೈಲಿ ತಿನ್ನೋದು ಬಿಟ್ಟಿಲ್ಲ," ಅಂದಳು.

ಇಷ್ಟು ಬರೆಯುವಷ್ಟರಲ್ಲಿ ಮಧ್ಯಾಹ್ನ ಮುಗಿಯಿತು. ಹಾಳೆಗಳನ್ನು ಮಗಳ ಕೈಗೆ ಕೊಟ್ಟು ನಾನು ಜಗಲಿಗೆ ಬಂದು ಕೂತೆ. ಅವಳು ಕಂಬಕ್ಕೆ ಒರಗಿ ಕೊನೆಯವರೆಗೂ ಓದಿದಳು. ಹಾಳೆಗಳನ್ನು ಮಡಚಿಟ್ಟು ಎದ್ದು ಒಳಗೆ ಹೋದಳು. ಪಾರ್ವತಿ ನಾಳೆಗೆ ಬೇಕಾದ ಹಿಡಿ ಕಾಯಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದಳು. ಮಗಳು ಮೊರದ ಮುಂದೆ ಕೂತ ಸದ್ದಾಯಿತು. ಆಮೇಲೆ ಮಗಳ ದನಿ ಕೇಳಿಸಿತು.

"ಅಮ್ಮಾ, ಅಣ್ಣನಿಗೆ ಎಳೇ ಕಾಯಿ ಹಾಕಿದ್ಯೋ, ಬಲ್ತಿದ್ದೋ?"

ಹೆಸರಿಲ್ಲದ ಅವನನ್ನು ನಮ್ಮ ಮನೆಯಲ್ಲಿ ಯಾರಾದರೂ ಏನಾದರೂ ಅಂತ ಕರೆದದ್ದು ಅದೇ ಮೊದಲು.